ಕ್ರೇನನ್ನು ಇಳಿಸುವುದು ಹೇಗೆ?

2023ರ ಅಕ್ಟೋಬರ್‌ನಲ್ಲಿ ಕೇರಳದ ವಿಳಿಂಜಮ್ ಬಂದರಿಗೆ ಮೊದಲ ಹಡಗು ಬಂತು. ಹೆಸರು ಝೆನ್ ಹುವಾ 15. ಚೀನಾದಿಂದ ಹೊರಟು, ಗುಜರಾತಿನ ಮುಂದ್ರಾದಲ್ಲಿ ಕೆಲವು ಕ್ರೇನ್‌ಗಳನ್ನು ಇಳಿಸಿ, ಉಳಿದ ಮೂರನ್ನು ಇಲ್ಲಿಗೆ ತಂದಿತ್ತು. ಬಿಡಿಭಾಗಗಳನ್ನಲ್ಲ, ಪೂರ್ತಿ ಜೋಡಿಸಿದ ಕ್ರೇನ್‌ಗಳನ್ನೇ ನಿಲ್ಲಿಸಿಕೊಂಡು ಬಂದಿತ್ತು! ಫೋಟೋ ನೋಡಿದ ಕೂಡಲೇ ನನಗೆ ಬಂದ ಪ್ರಶ್ನೆ: ಇವನ್ನು ಕೆಳಗಿಳಿಸೋಕೆ ಇನ್ನೆಷ್ಟು ದೊಡ್ಡ ಕ್ರೇನ್ ಬೇಕು?

ಒಂದೂ ಬೇಡ. ಇವನ್ನು ಎತ್ತುವುದೇ ಇಲ್ಲ. ಹಳಿಯ ಮೇಲೆ ಉರುಳಿಸಿಕೊಂಡು ದಡಕ್ಕೆ ತರುತ್ತಾರೆ.

ಹಡಗಿನಿಂದ ಕಂಟೇನರ್ ಇಳಿಸುವ ದೊಡ್ಡ ಕ್ರೇನ್ 1,500 ಟನ್‌ಗೂ ಜಾಸ್ತಿ ತೂಗಬಹುದು. ಅಂಬಾರಿ ಹೊರುವ ಆನೆ ಸುಮಾರು ಐದು ಟನ್ ಇರುತ್ತದೆ. ಅಂಥ ಮುನ್ನೂರು ಆನೆಗಳು ಒಟ್ಟಾಗಿ ಹಡಗಿನಿಂದ ಇಳಿಯುವುದನ್ನು ಊಹಿಸಿಕೊಳ್ಳಿ. ಸಾಗರದಲ್ಲಿ ಅಲುಗಾಡದಿರಲಿ ಎಂದು ಕ್ರೇನ್‌ನ ಕಾಲುಗಳನ್ನು ಉಕ್ಕಿನ ಆಸರೆ ಕೊಟ್ಟು ಡೆಕ್ಕಿಗೆ ಬೆಸುಗೆ ಹಾಕಿರುತ್ತಾರೆ. ಬಂದರು ತಲುಪಿದ ಮೇಲೆ ಮೊದಲು ಅದನ್ನು ಕತ್ತರಿಸಬೇಕು.

ನಿಜವಾದ ಕೆಲಸ ಮಾಡುವುದು ನೀರು. ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ಟ್ಯಾಂಕ್‌ಗಳಿವೆ. ಸಮುದ್ರದ ನೀರು ತುಂಬಿದರೆ ಹಡಗು ತಗ್ಗುತ್ತದೆ, ಹೊರಗೆ ಬಿಟ್ಟರೆ ಏರುತ್ತದೆ. ಹೀಗೆ ಡೆಕ್ಕನ್ನು ಹಡಗು ನಿಲ್ಲುವ ಕಟ್ಟೆಗೆ, ಅಂದರೆ ಧಕ್ಕೆಗೆ, ಸಮ ಮಾಡುತ್ತಾರೆ. ನಡುವೆ ಉಕ್ಕಿನ ತೊಲೆ, ಅದರ ಮೇಲೆ ಹಳಿ. ಹಗ್ಗ ಎಳೆದಂತೆ ಕ್ರೇನ್ ಸರಿಯುತ್ತದೆ. ಅಲುಗುತ್ತಿದೆಯೋ ಇಲ್ಲವೋ ಅನ್ನುವಷ್ಟು ನಿಧಾನ.

ದೋಣಿಯಿಂದ ಇಳಿಯುವಾಗ ಒಂದು ಕಾಲನ್ನು ದಡದ ಮೇಲಿಟ್ಟ ಕೂಡಲೇ ದೋಣಿ ಓಲಾಡುತ್ತದೆ, ಅಲ್ವಾ? ಇಲ್ಲೂ ಅದೇ ಕಷ್ಟ. 230 ಮೀಟರ್ ಉದ್ದ, 40 ಮೀಟರ್ ಅಗಲದ ಹಡಗು ಅಂದುಕೊಳ್ಳಿ. 1,600 ಟನ್ ಇಳಿದುಹೋದರೆ ಅದು ಸುಮಾರು 17 ಸೆಂಟಿಮೀಟರ್ ಮೇಲೇಳುತ್ತದೆ. ಒಂದು ಗೇಣಿಗೆ ತುಸು ಕಡಿಮೆ. ಆದರೆ ಭಾರ ಇಳಿಯುವುದು ಒಂದು ಬದಿಯಿಂದ. ಹಾಗಾಗಿ ಆ ಅಂಚು ಇನ್ನೂ ಜಾಸ್ತಿ ಏಳುತ್ತದೆ, ಹಳಿ ಮೆಟ್ಟಿಲಾಗುತ್ತದೆ. ಅದಕ್ಕೇ ಚಕ್ರ ದಡ ಮುಟ್ಟಿದಂತೆಲ್ಲ ಪಂಪುಗಳು ಆ ಬದಿಗೆ ನೀರು ತುಂಬುತ್ತಲೇ ಇರಬೇಕು. ಜೊತೆಗೆ ಸಮುದ್ರದ ಉಬ್ಬರ ಇಳಿತದ ಲೆಕ್ಕವೂ ಬೇಕು. ಅಲೆಗಳಿಗೆ ಮಾತ್ರ ಯಾವ ಪಂಪೂ ಸಾಲದು. ವಿಳಿಂಜಮ್‌ನಲ್ಲೂ ಕಡಲು ಒರಟಾಗಿದ್ದರಿಂದ ಇಳಿಸುವ ಕೆಲಸ ತಡವಾಯಿತು. ಕಾದದ್ದೇ ಸರಿ.

ದಡಕ್ಕೆ ಬಂದ ಮೇಲೆ ಜಾಕಿ ಕೊಟ್ಟು ಕ್ರೇನನ್ನು ತುಸು ಎತ್ತಿ, ಚಕ್ರಗಳನ್ನು ಧಕ್ಕೆಯ ಉದ್ದಕ್ಕೆ ತಿರುಗಿಸುತ್ತಾರೆ. ಆಮೇಲೆ ಪರೀಕ್ಷೆ: 40 ಟನ್ ಎತ್ತುವ ಕ್ರೇನ್‌ನಿಂದ 50 ಟನ್ ಎತ್ತಿಸಿ ನೋಡುತ್ತಾರೆ.

ಇಷ್ಟು ಭಾರದ ಕ್ರೇನನ್ನೂ ಗಾಳಿ ಬಿಡುವುದಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಮಾಎಮಿ ಚಂಡಮಾರುತ ದಕ್ಷಿಣ ಕೊರಿಯಾದ ಬುಸಾನ್ ಬಂದರಿನ 11 ಕ್ರೇನ್‌ಗಳನ್ನು ಹಾಳುಮಾಡಿತು; ಅವುಗಳಲ್ಲಿ ಹಲವು ಉರುಳಿಯೇ ಬಿದ್ದವು. ಹಾಗಾಗಿ ಧಕ್ಕೆಗೆ ಕಾಂಕ್ರೀಟ್ ಹಾಕುವಾಗಲೇ, ಕ್ರೇನ್ ಬರುವ ಎಷ್ಟೋ ಮೊದಲು, ದಪ್ಪ ಉಕ್ಕಿನ ಗೂಟ ಇಳಿಸುವ ಗುಳಿಗಳನ್ನೂ ಕಾಲು ಬಿಗಿಯುವ ಕೊಂಡಿಗಳನ್ನೂ ಕೂರಿಸಿರುತ್ತಾರೆ. ಬಿರುಗಾಳಿಯ ಮುನ್ಸೂಚನೆ ಬಂದರೆ ಕೆಲಸ ನಿಲ್ಲಿಸಿ, ಕ್ರೇನನ್ನು ಆ ಗುಳಿಗಳ ಹತ್ತಿರ ತಂದು, ಗೂಟ ಇಳಿಸಿ ಕಟ್ಟಿಹಾಕುತ್ತಾರೆ.