ಕಪ್ಪು ಜೇಡಿಗೆ ಬೂದಿಯೊಂದೇ ಸಾಕೇ?

ಪ್ರಶ್ನೆ: ಬೆಂಗಳೂರಿನ ಹಳೇ ಕೆರೆಯಂಗಳದ ಬಡಾವಣೆಯಲ್ಲಿ ನಮ್ಮ ಸೈಟು. ಅಗೆದರೆ ಕಪ್ಪು ಜೇಡಿ. ಕಾರು ನಿಲ್ಲಿಸುವ ಜಾಗಕ್ಕೆ ಬೂದಿ ಬೆರೆಸಿ ದಮ್ಮಸ್ಸು ಹೊಡೆದರೆ ಸಾಕು, ಸುಣ್ಣ ದಂಡ ಎನ್ನುತ್ತಾರೆ ಮೇಸ್ತ್ರಿ. ಹೌದೇ?

ಸಾಲದು. ಎಷ್ಟು ಸಲ ಬರೆದರೂ "ಬೂದಿಯೂ ಸಿಮೆಂಟಿನ ಹಾಗೆಯೇ ಅಲ್ಲವೇ" ಎಂಬ ಮಾತು ತಿರುಗಿ ಬರುತ್ತದೆ. ಅಲ್ಲ. ಸಿಮೆಂಟು ನೀರು ಸೋಕಿದರೆ ತಾನೇ ಗಟ್ಟಿಯಾಗುತ್ತದೆ. ರಾಯಚೂರು, ಬಳ್ಳಾರಿಯ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಹಾಗಾಗುವುದಿಲ್ಲ. ಅದರಲ್ಲಿ ಸಿಲಿಕಾ, ಅಲ್ಯೂಮಿನಾ ಧಾರಾಳ. ಸುಣ್ಣದ ಅಂಶ ತೀರ ಕಡಿಮೆ. ಹೊರಗಿನಿಂದ ಸುಣ್ಣ ಸೇರಿದಾಗಲೇ ಅಂಟು ಹುಟ್ಟುವುದು. ಬರೀ ಬೂದಿ ಹಾಕಿದರೆ ಜೇಡಿಯ ಪಾಲು ತಗ್ಗಿ, ನೆನೆದಾಗ ಮಣ್ಣು ಉಬ್ಬುವುದು ಕೊಂಚ ಇಳಿಯುತ್ತದೆ, ಅಷ್ಟೇ. ಮೇಸ್ತ್ರಿ ಕಂಡಿರುವುದು ಬೇಸಿಗೆಯ ಗಟ್ಟಿತನ. ಮಳೆಗೆ ನೆನೆದ ಪದರ ಮೆತ್ತಗಾಗುತ್ತದೆ. ನಂಬಿಕೆ ಬಾರದಿದ್ದರೆ ಎರಡು ಉಂಡೆ ಕಟ್ಟಿ: ಒಂದಕ್ಕೆ ಬೂದಿ, ಇನ್ನೊಂದಕ್ಕೆ ಬೂದಿ ಮತ್ತು ಸುಣ್ಣ. ಏಳು ದಿನ ಒದ್ದೆ ಗೋಣಿಯಲ್ಲಿಟ್ಟು, ನೆರಳಲ್ಲಿ ಒಣಗಿಸಿ, ಬಕೆಟ್ಟಿನ ನೀರಿಗೆ ಬಿಡಿ. ಮೊದಲನೆಯದು ಉದುರಿ ಕೆಸರಾಗುತ್ತದೆ.

ಸುಣ್ಣಕ್ಕೆ ಇನ್ನೊಂದು ಕೆಲಸವೂ ಇದೆ. ಅದರ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಗುಂಪುಗೂಡಿಸಿ, ಒಂದೇ ದಿನದಲ್ಲಿ ಜಿಗುಟು ಕಳೆಯುತ್ತದೆ.

ಕಪ್ಪಗಿರುವುದೆಲ್ಲ ನೆನೆದರೆ ಉಬ್ಬುವ ಎರೆಮಣ್ಣಲ್ಲ, ಹಾಗಾಗಿ ಮೊದಲು ಪರೀಕ್ಷೆ. 425 ಮೈಕ್ರಾನ್ ಜರಡಿ ಹಿಡಿದ ಒಣಮಣ್ಣು 10 ಗ್ರಾಂ ನೀರಿನ ಅಳತೆ ಜಾಡಿಗೆ, 10 ಗ್ರಾಂ ಸೀಮೆಎಣ್ಣೆಯ ಜಾಡಿಗೆ ಹಾಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 16 ಮಿ.ಲೀ. ನಿಂತರೆ ಉಬ್ಬು ಶೇ. 60. ಶೇ. 50 ದಾಟಿದರೆ ಸುಣ್ಣ ತರಿಸಿ.

10 ಚದರ ಮೀಟರಿಗೆ 30 ಸೆಂ.ಮೀ. ಆಳವೆಂದರೆ ಸುಮಾರು 4.5 ಟನ್ ಒಣಮಣ್ಣು. ಶೇ. 4ರಂತೆ ಸುಣ್ಣ 180 ಕೆ.ಜಿ., ಶೇ. 15ರಂತೆ ಬೂದಿ 675 ಕೆ.ಜಿ. ಇದು ಅಂದಾಜು, ನಿಮ್ಮ ಮಣ್ಣಿನ ಲೆಕ್ಕವನ್ನು ಪ್ರಯೋಗಾಲಯ ಹೇಳಲಿ. ಅಲ್ಲೇ ಸಲ್ಫೇಟನ್ನೂ ಅಳೆಸಿ: ಶೇ. 0.3 ಮೀರಿದ್ದರೆ ಸುಣ್ಣದ ಜೊತೆ ಸೇರಿ ಹೊಸ ಹರಳು ಬೆಳೆದು ನೆಲ ಇನ್ನಷ್ಟು ಏಳುತ್ತದೆ.

ಹೆಂಟೆ ಒಡೆದು, ಮೊದಲು ಸುಣ್ಣವನ್ನಷ್ಟೇ ಬೆರೆಸಿ, ನೀರು ಚಿಮುಕಿಸಿ ಒಂದು ದಿನ ಮುಚ್ಚಿಡಿ. ಮರುದಿನ ಬೂದಿ ಸೇರಿಸಿ, ಅಂದೇ 15 ಸೆಂ.ಮೀ.ನ ಎರಡು ಪದರವಾಗಿ ದಮ್ಮಸ್ಸು ಮುಗಿಸಿ. ಏಳು ದಿನ ಒಣಗಗೊಡಬೇಡಿ. 28 ದಿನ ಕಾರು ಹತ್ತಿಸಬೇಡಿ. ಬಾಯಿ ಬಿಚ್ಚಿಟ್ಟ ಹಳೇ ಸುಣ್ಣದ ಚೀಲ ಬೇಡ, ಗಾಳಿಗೆ ಅದು ಸೀಮೆಸುಣ್ಣವಾಗಿರುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಮನೆಯ ಪಾಯಕ್ಕೆ ಈ ಪದರ ಬದಲಿಯಲ್ಲ. ಆಳದ ಎರೆಗೆ ಕನಿಷ್ಠ 3.5 ಮೀಟರಿನ, ಬುಡ ಉಬ್ಬಿದ ಪೈಲು (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಬೇಕು.

ಅಗೆದು ಉಳಿದ ಮಣ್ಣಿನಲ್ಲಿ ಬ್ಲಾಕು ಒತ್ತಬಹುದೇ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ 'ಅಸ್ತ್ರ' ಬೆಳೆಸಿದ ಮಣ್ಣಿನ ಬ್ಲಾಕಿಗೆ ಹೊಂದುವುದು ಮರಳು ಹೆಚ್ಚಿರುವ ಕೆಂಪುಮಣ್ಣು. ನಿಮ್ಮ ಜೇಡಿಗೆ ಕ್ವಾರಿ ಪುಡಿ ಸೇರಿಸಿ ಜೇಡಿಯ ಪಾಲನ್ನು ಶೇ. 15ರ ಆಸುಪಾಸಿಗೆ ಇಳಿಸಬೇಕು. ಸಿಮೆಂಟಿನ ಜೊತೆ ಅಲ್ಲಿಯೂ ಸ್ವಲ್ಪ ಸುಣ್ಣ ಬೇಕು.