ಕಡ ತಂದ ಯಂತ್ರದಲ್ಲಿ ರಿಲೀಸ್: ಓಪನ್ ಸೋರ್ಸ್ ಬಿಲ್ಡ್ ಸರ್ವರ್‌ಗಳ ಹಿನ್ನೆಲೆ

ಓಪನ್ ಸೋರ್ಸ್ ಯೋಜನೆಯೊಂದರ ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರು, ಕೋಡ್ ಇಡುವ ರೆಪಾಸಿಟರಿಗೆ ಒಂದು ಟ್ಯಾಗ್ (ಆವೃತ್ತಿಯ ಗುರುತು) ಪುಶ್ ಮಾಡುತ್ತಾರೆ. ಅರ್ಧ ಗಂಟೆಯೊಳಗೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಪ್ಯಾಕೇಜು ಸಿದ್ಧವಾಗಿ, ಸಹಿ ಬಿದ್ದು, ಡೌನ್‌ಲೋಡ್ ಪುಟಕ್ಕೆ ಏರಿರುತ್ತದೆ. ಅಷ್ಟರಲ್ಲಿ ಅದನ್ನು ಬಿಲ್ಡ್ ಮಾಡಿದ, ಅಂದರೆ ಕೋಡನ್ನು ಓಡುವ ತಂತ್ರಾಂಶವಾಗಿಸಿದ, ಯಂತ್ರ ಅಳಿಸಿಯೂ ಹೋಗಿರುತ್ತದೆ. ಆ ಯಂತ್ರ ಯಾರದು, ಅದರ ಖರ್ಚು ಯಾರು ಕೊಟ್ಟರು, ಸಹಿಯ ಕೀಲಿ ಅದರ ಕೈಗೆ ಹೇಗೆ ಹೋಯಿತು ಎಂದು ಕೇಳಿದರೆ ಬಹುತೇಕ ಯೋಜನೆಗಳವರು ತಡವರಿಸುತ್ತಾರೆ. ದರಪಟ್ಟಿ ಬದಲಾಯಿತು, ಸೀಕ್ರೆಟ್‌ಗಳು (ಪಾಸ್‌ವರ್ಡು, ಕೀಲಿಗಳು) ಸೋರಿದವು, ಪ್ರಾಯೋಜಕರು ಕೈಬಿಟ್ಟರು ಎಂದು ಐದಾರು ವರ್ಷಗಳಿಂದ ಬಿಡಿಬಿಡಿಯಾಗಿ ಸುದ್ದಿ ಬರುತ್ತಲೇ ಇದೆ. ಎಲ್ಲದರ ಬೇರು ಹೆಚ್ಚುಕಡಿಮೆ ಒಂದೇ. ಪರೀಕ್ಷೆ ನಡೆಸಲೆಂದು ಕಡ ತಂದ ಯಂತ್ರ ಕ್ರಮೇಣ ರಿಲೀಸ್ ಹೊರಡಿಸುವ ಯಂತ್ರವೂ ಆಯಿತು. ಹಾಗಾಗಲಿ ಎಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ.

ಮೊದಲು ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನಲ್ಲೇ ಬಿಲ್ಡ್ ಮಾಡುತ್ತಿದ್ದರು. ಬೇರೆ ಪ್ರೊಸೆಸರ್ ಬೇಕಾದಾಗ ಕೋಡ್ ಇಡುವ ತಾಣವಾದ ಸೋರ್ಸ್‌ಫೋರ್ಜ್‌ನ ಕಂಪೈಲ್ ಫಾರ್ಮ್‌ಗೆ ಲಾಗಿನ್ ಆಗುತ್ತಿದ್ದರು. 2007ರಲ್ಲಿ ಅದು ಮುಚ್ಚಿತು. 2003ರಲ್ಲಿ ತಾನಾಗಿ ಬಿಲ್ಡ್ ಮಾಡುವ ತಂತ್ರಾಂಶ ಬಿಲ್ಡ್‌ಬಾಟ್ ಬಂತು, 2005ರಲ್ಲಿ ಹಡ್ಸನ್. ಈ ಹಡ್ಸನ್ನೇ 2011ರಲ್ಲಿ ಜೆಂಕಿನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಲಿನಕ್ಸ್ ವಿತರಣೆಗಳವರು ಮಾತ್ರ ಬೇರೆ ದಾರಿ ಹಿಡಿದಿದ್ದರು. ಡೆಬಿಯನ್‌ನ ಬಿಲ್ಡ್‌ಡಿ, ಓಪನ್‌ಸೂಸೆಯ ಬಿಲ್ಡ್ ಸರ್ವಿಸ್, ಫೆಡೋರಾದ ಕೋಜಿ ಎಲ್ಲದರಲ್ಲೂ ಮೇಂಟೇನರ್ ಕಳಿಸುವುದು ಮುಖ್ಯವಾಗಿ ಸೋರ್ಸ್ ಕೋಡ್, ಹೆಚ್ಚಿನ ಬೈನರಿ (ಓಡುವ ಕಡತ) ತಯಾರಾಗುವುದು ವಿತರಣೆಯದೇ ಯಂತ್ರದಲ್ಲಿ, ಪ್ರತಿ ಸಲ ಹೊಸದಾಗಿ ತೆರೆದ ಖಾಲಿ ಪರಿಸರದಲ್ಲಿ. 2019ರಲ್ಲಿ ಡೆಬಿಯನ್ ಇನ್ನೂ ಬಿಗಿ ಮಾಡಿತು. ಮೇಂಟೇನರ್ ಸ್ವಂತ ಯಂತ್ರದಲ್ಲಿ ತಯಾರಿಸಿದ ಬೈನರಿಗೆ ಮುಂದಿನ ಆವೃತ್ತಿಯೊಳಗೆ ಪ್ರವೇಶವಿಲ್ಲ ಎಂದಿತು. ಈ ಶಿಸ್ತು ವಿತರಣೆಗಳ ಆಚೆಗೆ ಹರಡಿದ್ದರೆ ಮುಂದಿನ ಕಥೆಯ ಅರ್ಧ ಭಾಗ ಬರೆಯಬೇಕಾಗಿಯೇ ಬರುತ್ತಿರಲಿಲ್ಲ.

ಹರಡಿದ್ದು ಬೇರೆಯೇ ಪದ್ಧತಿ. 2011ರಲ್ಲಿ ಟ್ರಾವಿಸ್ ಸಿಐ ಎಂಬ ಸೇವೆ ಓಪನ್ ಸೋರ್ಸ್ ಯೋಜನೆಗಳಿಗೆ ಉಚಿತವಾಗಿ ಬಿಲ್ಡ್ ಯಂತ್ರ ಕೊಡತೊಡಗಿತು. ಸಿಐ ಎಂದರೆ ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ. ರೆಪಾಸಿಟರಿಯಲ್ಲಿ ಏನೇನು ಮಾಡಬೇಕೆಂದು ಬರೆದ ಒಂದು ಯಾಮಲ್ ಕಡತ ಇಟ್ಟರೆ ಸಾಕು. ಸರ್ವರ್ ನೋಡಿಕೊಳ್ಳುವ ತಲೆನೋವೇ ಹೋಯಿತು, ಜೊತೆಗೆ ಅದರ ಲೆಕ್ಕ ನೋಡುವ ಅಭ್ಯಾಸವೂ ಹೋಯಿತು. ಭಾಷೆಯ ಐದು ಆವೃತ್ತಿ, ಮೂರು ಆಪರೇಟಿಂಗ್ ಸಿಸ್ಟಂ, ಎರಡು ಕಂಪೈಲರ್ ಎಂದು ಮ್ಯಾಟ್ರಿಕ್ಸ್ (ಎಲ್ಲ ಜೋಡಣೆಗಳ ಪಟ್ಟಿ) ಬರೆದರೆ ಮೂವತ್ತು ಜಾಬ್, ಅಂದರೆ ಒಂದೊಂದು ಯಂತ್ರಕ್ಕೆ ಒಂದೊಂದು ಕೆಲಸ, ಆಗುತ್ತದೆ. ರೀಡ್‌ಮಿಯಲ್ಲಿ ಒಂದು ಅಲ್ಪವಿರಾಮ ಸರಿಪಡಿಸಿದರೂ ಮೂವತ್ತು ಯಂತ್ರ ಎದ್ದು ಕೂರುತ್ತಿದ್ದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಬಿಲ್ ಮೊದಲು ಕಣ್ಣಿಗೆ ಬಿದ್ದದ್ದು 2020ರ ಫೆಬ್ರವರಿಯಲ್ಲಿ. ಗ್ರಾಫಿಕ್ಸ್ ತಂತ್ರಾಂಶಗಳ ಮನೆಯಾದ ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್ ಸರ್ವರಿಗೆ ವರ್ಷಕ್ಕೆ ಸುಮಾರು 75,000 ಡಾಲರ್ ಖರ್ಚಾಗುತ್ತಿದೆ, ಪ್ರಾಯೋಜಕರು ಸಿಗದಿದ್ದರೆ ಕೆಲವೇ ತಿಂಗಳಲ್ಲಿ ಸಿಐ ನಿಲ್ಲಿಸಬೇಕಾದೀತು ಎಂದು ಎಕ್ಸ್‌ಆರ್ಗ್ ಪ್ರತಿಷ್ಠಾನ ಎಚ್ಚರಿಸಿತು. ಈ ಖರ್ಚಿನ ದೊಡ್ಡ ಪಾಲು ಕಂಪೈಲ್ ಮಾಡುವುದಕ್ಕೆ ಹೋಗುತ್ತಿರಲಿಲ್ಲ. ಬಿಲ್ಡ್‌ನ ಕಡತಗಳನ್ನೂ ಕಂಟೇನರ್ ಇಮೇಜ್‌ಗಳನ್ನೂ (ಬಿಲ್ಡ್‌ಗೆ ಬೇಕಾದ ಪರಿಸರದ ಸಿದ್ಧ ಪ್ರತಿಗಳನ್ನೂ) ಹೊರಗಿನ ರನ್ನರ್‌ಗಳಿಗೆ, ಅಂದರೆ ಜಾಬ್ ಓಡಿಸುವ ಯಂತ್ರಗಳಿಗೆ, ಮತ್ತೆ ಮತ್ತೆ ಕಳಿಸುವ ಬ್ಯಾಂಡ್‌ವಿಡ್ತ್ ಅದನ್ನು ನುಂಗುತ್ತಿತ್ತು. ಹಂಚಿಕೆಯ ಬಿಲ್ಡ್ ಸರ್ವರ್ ನಡೆಸುವವರು ಇವತ್ತಿಗೂ ಮೊದಲು ಎಡವುವುದು ಇಲ್ಲೇ. ಪ್ರೊಸೆಸರಿನ ಲೆಕ್ಕ ಹಾಕಿರುತ್ತಾರೆ, ಸಾಗಣೆಯ ಲೆಕ್ಕ ಹಾಕಿರುವುದಿಲ್ಲ. ರನ್ನರ್ ಪಕ್ಕದಲ್ಲೇ ಒಂದು ಇಮೇಜ್ ಕ್ಯಾಶ್ (ಮರುಬಳಕೆಗೆ ಉಳಿಸಿದ ಪ್ರತಿ) ಇಟ್ಟು, ಬಿಲ್ಡ್‌ನ ಕಡತಗಳು ವಾರದೊಳಗೆ ತಾವಾಗಿ ಅಳಿಯುವಂತೆ ಮಾಡಿದರೆ ಬಿಲ್ ಗಣನೀಯವಾಗಿ ಇಳಿಯುತ್ತದೆ.

ಅದೇ ವರ್ಷ ನವೆಂಬರ್‌ನಲ್ಲಿ ಎರಡು ಬಾಗಿಲು ಒಟ್ಟಿಗೆ ಕಿರಿದಾದವು. ಟ್ರಾವಿಸ್ ತನ್ನ ಹೊಸ ದರಪಟ್ಟಿಯಲ್ಲಿ ಉಚಿತ ಬಳಕೆದಾರರಿಗೆ ಒಂದೇ ಸಲದ 10,000 ಕ್ರೆಡಿಟ್ ಎಂದಿತು. ಲಿನಕ್ಸ್‌ನಲ್ಲಿ ಅದು ಸುಮಾರು 1,000 ನಿಮಿಷ. ಕಂಟೇನರ್ ಇಮೇಜ್‌ಗಳ ಭಂಡಾರವಾದ ಡಾಕರ್ ಹಬ್, ಲಾಗಿನ್ ಇಲ್ಲದವರಿಗೆ ಆರು ಗಂಟೆಗೆ 100 ಪುಲ್ (ಡೌನ್‌ಲೋಡ್) ಎಂದು ಮಿತಿ ಹಾಕಿತು. ಆ ಮಿತಿಯ ಎಣಿಕೆ ಐಪಿ ವಿಳಾಸದ ಮೇಲೆ. ಒಂದೇ ಐಪಿಯ ಹಿಂದೆ ಹತ್ತಾರು ರನ್ನರ್ ಇದ್ದರೆ ಪಕ್ಕದ ಯೋಜನೆಯವರು ಎಳೆದ ಇಮೇಜು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಸರಿಯಿದ್ದ ಬಿಲ್ಡ್ ಸಂಜೆ ಬೀಳುತ್ತದೆ, ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಇದೇ ಕಾಲಕ್ಕೆ ಕ್ರಿಪ್ಟೋ ಗಣಿಗಾರರೂ ಬಂದರು. ವಿಧಾನ ಸರಳ. ಯಾವುದಾದರೂ ಯೋಜನೆಯನ್ನು ಫೋರ್ಕ್ ಮಾಡಿ (ತಮ್ಮ ಪ್ರತಿ ಮಾಡಿಕೊಂಡು), ಜಾಬ್‌ಗಳನ್ನು ಹೇಳುವ ವರ್ಕ್‌ಫ್ಲೋ ಕಡತದಲ್ಲಿ ಪರೀಕ್ಷೆಯ ಬದಲು ಕ್ರಿಪ್ಟೋ ಗಣಿ ಅಗೆಯುವ ಮೈನರ್ ತಂತ್ರಾಂಶ ಕೂರಿಸಿ, ಒಂದು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೆ ಆಯಿತು. ಅದನ್ನು ಯಾರೂ ಒಪ್ಪಬೇಕಾಗಿರಲಿಲ್ಲ. ಪರೀಕ್ಷೆ ತಾನಾಗಿಯೇ ಓಡುತ್ತಿತ್ತು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಒಮ್ಮೆಗೆ 20 ಜಾಬ್, ಒಂದೊಂದಕ್ಕೆ ಆರು ಗಂಟೆ ಮಿತಿ ಎಂದರೆ ಒಂದೇ ಪುಲ್ ರಿಕ್ವೆಸ್ಟಿಗೆ 120 ಗಂಟೆಯ ಯಂತ್ರ ಬಿಟ್ಟಿ. 2021ರ ಏಪ್ರಿಲ್‌ನಲ್ಲಿ ಗಿಟ್‌ಹಬ್, ಮೊದಲ ಬಾರಿ ಕೊಡುಗೆ ಕೊಡುವವರ ಜಾಬ್ ಓಡಲು ಮೇಂಟೇನರ್ ಒಪ್ಪಿಗೆ ಬೇಕೆಂದಿತು. ಮೇ ತಿಂಗಳಲ್ಲಿ ಗಿಟ್‌ಲ್ಯಾಬ್ ಹೊಸ ಉಚಿತ ಖಾತೆಗಳಿಗೆ ಕಾರ್ಡ್ ಕೇಳಿತು. ಜೂನ್‌ನಲ್ಲಿ ಡಾಕರ್ ತನ್ನ ಉಚಿತ ಆಟೋಬಿಲ್ಡ್ ನಿಲ್ಲಿಸಿತು, ಟ್ರಾವಿಸ್‌ನ ಹಳೆಯ ಉಚಿತ ತಾಣವೂ ಬಾಗಿಲು ಹಾಕಿತು. ಯೋಜನೆಗಳು ಗುಂಪುಗುಂಪಾಗಿ ಗಿಟ್‌ಹಬ್‌ನದೇ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ಗೆ ಗುಳೆ ಹೊರಟವು. ಅವಸರದಲ್ಲಿ ಪಾಸ್‌ವರ್ಡು, ಟೋಕನ್, ಸಹಿಯ ಕೀಲಿ ಎಲ್ಲವನ್ನೂ ಹಳೆಯ ಪೆಟ್ಟಿಗೆಯಿಂದ ಹೊಸ ಪೆಟ್ಟಿಗೆಗೆ ಸುರಿದರು. ಯಾವುದು ಯಾಕಿದೆ ಎಂದು ನೋಡುವ ಪುರುಸೊತ್ತು ಯಾರಿಗಿತ್ತು?

ಪರೀಕ್ಷೆಯೂ ರಿಲೀಸೂ ಒಂದೇ ಕಡೆ ಸೇರಿಕೊಂಡದ್ದರ ಪರಿಣಾಮ 2024ರ ಡಿಸೆಂಬರ್‌ನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಪೈಥಾನ್‌ನ ಜನಪ್ರಿಯ ಲೈಬ್ರರಿ ಅಲ್ಟ್ರಾಲಿಟಿಕ್ಸ್‌ನ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ದಾಳಿಗಾರ ಕೋಡ್‌ನಲ್ಲಿ ಏನನ್ನೂ ಬಚ್ಚಿಡಲಿಲ್ಲ. ಪುಲ್ ರಿಕ್ವೆಸ್ಟ್ ಕಳಿಸಿದ ಬ್ರಾಂಚಿನ (ಕೋಡ್‌ನ ಕವಲಿನ) ಹೆಸರೇ ಯಂತ್ರಕ್ಕೆ ಕೊಡುವ ಒಂದು ಶೆಲ್ ಕಮಾಂಡ್ ಆಗಿತ್ತು. ವರ್ಕ್‌ಫ್ಲೋ ಆ ಹೆಸರನ್ನು ನೇರವಾಗಿ ಸ್ಕ್ರಿಪ್ಟಿನೊಳಗೆ ಅಂಟಿಸುತ್ತಿತ್ತು, ಹೆಸರು ಓಡಿತು. ಅದು ಓಡಿದ್ದು ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ವಿಧದಲ್ಲಿ. ಈ ವಿಧದಲ್ಲಿ ಹೊರಗಿನವರ ಪುಲ್ ರಿಕ್ವೆಸ್ಟಿಗೂ ಮೂಲ ರೆಪಾಸಿಟರಿಯ ಅಧಿಕಾರ ಸಿಗುತ್ತದೆ. ಆ ಅಧಿಕಾರದಿಂದ ಮುಖ್ಯ ಬ್ರಾಂಚಿನ ಬಿಲ್ಡ್ ಕ್ಯಾಶ್‌ಗೆ ವಿಷ ಹಾಕಲಾಯಿತು. ಮುಂದೆ ರಿಲೀಸ್ ಜಾಬ್ ಸಮಯ ಉಳಿಸಲೆಂದು ಅದೇ ಕ್ಯಾಶ್ ತೆರೆಯಿತು. 8.3.41 ಮತ್ತು 8.3.42 ಆವೃತ್ತಿಗಳು ಒಳಗೊಂದು ಮೈನರ್ ಇಟ್ಟುಕೊಂಡು ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಗೆ ಏರಿದವು. ಅಧಿಕೃತ ವರ್ಕ್‌ಫ್ಲೋದಿಂದಲೇ ಹೊರಟ ಪ್ಯಾಕೇಜ್ ಆದ್ದರಿಂದ ಅದರ ಮೂಲದ ಪ್ರಮಾಣಪತ್ರವೂ ಸರಿಯಾಗಿಯೇ ಇತ್ತು. ಪ್ಯಾಕೇಜ್ ಎಲ್ಲಿ ತಯಾರಾಯಿತು ಎಂದಷ್ಟೇ ಆ ಪತ್ರ ಹೇಳುತ್ತದೆ, ಒಳಗೇನಿದೆ ಎಂದು ಅದಕ್ಕೆ ಗೊತ್ತಿಲ್ಲ.

ಇದಾದ ಮೂರು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, 23,000ಕ್ಕೂ ಹೆಚ್ಚು ರೆಪಾಸಿಟರಿಗಳು ಬಳಸುತ್ತಿದ್ದ ಒಂದು ಸಣ್ಣ ಆಕ್ಷನ್‌ನ (ವರ್ಕ್‌ಫ್ಲೋಗೆ ಸೇರಿಸಿಕೊಳ್ಳುವ ಸಿದ್ಧ ಹೆಜ್ಜೆಯ) ಟ್ಯಾಗ್‌ಗಳನ್ನು ಕೆಟ್ಟ ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಕಡೆಗೆ ತಿರುಗಿಸಲಾಯಿತು. ಬದಲಾದ ಕಡತಗಳ ಪಟ್ಟಿ ಕೊಡುವುದಷ್ಟೇ ಅದರ ಕೆಲಸ. ಅದು ರನ್ನರಿನ ಮೆಮೊರಿಯಲ್ಲಿದ್ದ ಸೀಕ್ರೆಟ್‌ಗಳನ್ನು ಲಾಗ್‌ಗೆ ಬರೆಯಿತು, ಸಾರ್ವಜನಿಕ ರೆಪಾಸಿಟರಿಯ ಲಾಗ್ ಎಂದರೆ ಜಗತ್ತೇ ಓದುವ ಲಾಗ್. ಟ್ಯಾಗ್ ಬಿಟ್ಟು ಬದಲಾಯಿಸಲಾಗದ 40 ಅಕ್ಷರದ ಪೂರ್ತಿ ಕಮಿಟ್ ಹ್ಯಾಶ್ (ಆ ಕಮಿಟ್‌ನ ಗುರುತು) ಬರೆದಿದ್ದವರಲ್ಲಿ ಹೆಚ್ಚಿನವರು ಪಾರಾದರು.

ಹಾಗಾಗಿ ಅನುಭವಸ್ಥ ತಂಡಗಳು ಈಗ ಪರೀಕ್ಷೆಯ ವರ್ಕ್‌ಫ್ಲೋ ಬೇರೆ, ರಿಲೀಸ್‌ನದು ಬೇರೆ ಮಾಡಿಕೊಂಡಿವೆ. ಪರೀಕ್ಷೆಗೆ ಓದುವ ಅನುಮತಿ ಮಾತ್ರ, ಸೀಕ್ರೆಟ್ ಒಂದೂ ಇಲ್ಲ. ರಿಲೀಸ್ ಓಡುವುದು ಟ್ಯಾಗ್ ಮೇಲೆ ಮಾತ್ರ, ಕ್ಯಾಶ್ ಪೂರ್ತಿ ಬಂದ್. ಇಪ್ಪತ್ತು ನಿಮಿಷ ಹೆಚ್ಚಾದರೆ ಆಗಲಿ. ರಿಲೀಸ್‌ನೊಳಗೂ ಬಿಲ್ಡ್ ಒಂದು ಜಾಬ್, ಪ್ರಕಟಣೆ ಇನ್ನೊಂದು. ಪ್ರಕಟಿಸುವ ಜಾಬ್‌ಗೆ ಮತ್ತೊಬ್ಬ ಮೇಂಟೇನರ್ ಒಪ್ಪಿಗೆ ಕೊಡಬೇಕು, ಅದರೊಳಗೆ ಯೋಜನೆಯ ಯಾವ ಸ್ಕ್ರಿಪ್ಟೂ ಓಡಕೂಡದು. 2023ರ ಏಪ್ರಿಲ್‌ನಿಂದ ಪೈಪಿಐನಲ್ಲಿ ಟ್ರಸ್ಟೆಡ್ ಪಬ್ಲಿಷಿಂಗ್ ಇದೆ. ರೆಪಾಸಿಟರಿಯ ಹೆಸರು, ವರ್ಕ್‌ಫ್ಲೋ ಕಡತದ ಹೆಸರು ಮೊದಲೇ ನೋಂದಾಯಿಸಿಟ್ಟರೆ 15 ನಿಮಿಷ ಬಾಳುವ ಟೋಕನ್ ಆಗಿಂದಾಗ್ಗೆ ಸಿಗುತ್ತದೆ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೊಳೆಯುವ ಕೀಲಿಯೇ ಇರುವುದಿಲ್ಲ.

ಜಾಬ್‌ಗಳನ್ನು ಬೇರ್ಪಡಿಸಲು ಇನ್ನೊಂದು ಕಾರಣವೂ ಇದೆ. ಪೈಪಿಐನಲ್ಲಿ ಒಮ್ಮೆ ಏರಿಸಿದ ಕಡತದ ಹೆಸರು ಅಳಿಸಿದರೂ ಮತ್ತೆ ಸಿಗುವುದಿಲ್ಲ. ಪ್ರತಿ ಪ್ಲಾಟ್‌ಫಾರ್ಮಿನ ಜಾಬ್ ತನ್ನದನ್ನು ತಾನೇ ಏರಿಸುವಂತೆ ಬರೆದು, ಲಿನಕ್ಸ್ ಏರಿದ ಮೇಲೆ ವಿಂಡೋಸ್ ಬಿಲ್ಡ್ ಬಿದ್ದರೆ ಅರ್ಧ ರಿಲೀಸ್ ಹೊರಗೆ, ಅರ್ಧ ಒಳಗೆ. ಕೋಡ್ ತಿದ್ದಬೇಕಾಗಿ ಬಂದರೆ ಆ ಆವೃತ್ತಿ ಸಂಖ್ಯೆ ಹಾಳಾದಂತೆಯೇ. ಎಲ್ಲ ಪ್ಲಾಟ್‌ಫಾರ್ಮಿನ ಕಡತಗಳೂ ಒಂದೆಡೆ ಸೇರಿದ ಮೇಲೆ ಕೊನೆಯ ಒಂದು ಜಾಬ್ ಎಲ್ಲವನ್ನೂ ಏರಿಸಬೇಕು. ಹೊಸ ಪುಶ್ ಬಂದಾಗ ಹಳೆಯ ಜಾಬ್ ರದ್ದಾಗುವ ವ್ಯವಸ್ಥೆ ಪುಲ್ ರಿಕ್ವೆಸ್ಟ್‌ಗಳಿಗೆ ವರದಾನ, ರಿಲೀಸ್‌ಗೆ ಅದೇ ಶಾಪ. ಆರು ಗಂಟೆಯ ಡಿಫಾಲ್ಟ್ ಟೈಮ್‌ಔಟನ್ನು ಸಾಮಾನ್ಯ ಬಿಲ್ಡ್ ತೆಗೆದುಕೊಳ್ಳುವ ಸಮಯದ ಎರಡರಷ್ಟಕ್ಕೆ ಇಳಿಸಿದರೆ ಸಾಕು. ಸಿಕ್ಕಿಬಿದ್ದ ಒಂದು ಜಾಬ್ ದಿನದ ಕಾಲುಭಾಗ ಸರತಿಯನ್ನು ಹಿಡಿದಿಡುವುದು ತಪ್ಪುತ್ತದೆ.

ಕಡ ತಂದ ಯಂತ್ರದ ಆಪರೇಟಿಂಗ್ ಸಿಸ್ಟಂ ನಮ್ಮ ಕೈಯಲ್ಲಿಲ್ಲ ಎಂಬುದು ರಿಲೀಸ್ ದಿನವೇ ನೆನಪಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ಉಬುಂಟು 20.04 ಇಮೇಜನ್ನು ತೆಗೆದುಹಾಕಿತು. ಅದರ ಜಿಲಿಬ್‌ಸಿ (ಲಿನಕ್ಸ್ ತಂತ್ರಾಂಶಗಳು ಆಧರಿಸುವ ಮೂಲ ಲೈಬ್ರರಿ) 2.31, ಉಬುಂಟು 22.04ರದು 2.35. ಹೊಸದರ ಮೇಲೆ ಬಿಲ್ಡ್ ಮಾಡಿದ್ದು ಹಳೆಯ ಯಂತ್ರದಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಬಿಲ್ಡ್ ಹಸಿರಾಗಿಯೇ ಇರುತ್ತದೆ, ದೂರು ಬರುವುದು ಬಳಕೆದಾರರಿಂದ. ಹಳೆಯ ವಿತರಣೆಯ ಕಂಟೇನರಿನೊಳಗೆ ಬಿಲ್ಡ್ ಮಾಡುವುದೇ ಮದ್ದು. ಪೈಥಾನ್‌ನ ಮೆನಿಲಿನಕ್ಸ್ 2014 ಇಮೇಜ್ ಹಳೆಯ ವಿತರಣೆಯಾದ ಸೆಂಟ್‌ಒಎಸ್ 7ರದು, ಅದರಲ್ಲಿ ಜಿಲಿಬ್‌ಸಿ 2.17. ಇಲ್ಲೂ ಒಂದು ಮುಳ್ಳಿದೆ. ಇಡೀ ಜಾಬನ್ನೇ ಆ ಕಂಟೇನರಿನಲ್ಲಿ ಓಡಿಸಿದರೆ ಕೋಡ್ ಇಳಿಸಿಕೊಳ್ಳುವ ಆಕ್ಷನ್ ಬೀಳುತ್ತದೆ, ಏಕೆಂದರೆ ಅದು ಬಳಸುವ ನೋಡ್ ಎಂಬ ಜಾವಾಸ್ಕ್ರಿಪ್ಟ್ ತಂತ್ರಾಂಶಕ್ಕೆ ಜಿಲಿಬ್‌ಸಿ 2.28 ಬೇಕು. ಜಾಬ್ ಹೊರಗಿನ ಯಂತ್ರದಲ್ಲೇ ಇರಲಿ, ಕಂಪೈಲ್ ಮಾಡುವ ಹೆಜ್ಜೆಯಲ್ಲಿ ಮಾತ್ರ ಡಾಕರ್ ರನ್ ಕಮಾಂಡಿನಿಂದ ಆ ಕಂಟೇನರ್ ತೆರೆಯಬೇಕು. ವಿಂಡೋಸ್ ಸಹಿಯ ಕಥೆಯೂ ಬದಲಾಗಿದೆ. 2023ರ ಜೂನ್‌ನಿಂದ ಹೊಸ ಕೋಡ್ ಸಹಿ ಪ್ರಮಾಣಪತ್ರದ ಕೀಲಿ ಹಾರ್ಡ್‌ವೇರ್‌ನೊಳಗೇ ಇರಬೇಕು. ಕೀಲಿಯ ಕಡತವನ್ನು ಸೀಕ್ರೆಟ್ ಪೆಟ್ಟಿಗೆಗೆ ಹಾಕುವ ಹಳೆಯ ಉಪಾಯ ನಡೆಯುವುದಿಲ್ಲ, ಕ್ಲೌಡ್ ಸಹಿ ಸೇವೆಯ ಮೊರೆಹೋಗಲೇಬೇಕು.

ಇಷ್ಟೆಲ್ಲ ರಗಳೆ ಬೇಡ, ಸ್ವಂತ ರನ್ನರ್ ಇಡೋಣ ಎನ್ನುವವರಿದ್ದಾರೆ. ಜಾಬ್ ಮುಗಿದರೂ ಸ್ವಂತ ರನ್ನರ್ ಅಳಿಯುವುದಿಲ್ಲ, ಒಂದು ಜಾಬ್ ಬಿಟ್ಟುಹೋದದ್ದು ಮುಂದಿನ ಜಾಬ್‌ಗೆ ಸಿಗುತ್ತದೆ. 2024ರ ಜನವರಿಯಲ್ಲಿ ಸಂಶೋಧಕರು ಎಐ ಲೈಬ್ರರಿಯಾದ ಪೈಟಾರ್ಚ್‌ನ ಸ್ವಂತ ರನ್ನರ್‌ಗಳೊಳಗೆ ಹೊಕ್ಕ ಬಗೆಯನ್ನು ಬಹಿರಂಗಪಡಿಸಿದರು. ಅವರು ಮೊದಲು ಒಂದು ಅಕ್ಷರದೋಷ ತಿದ್ದಿ ಅದನ್ನು ಯೋಜನೆಗೆ ಮರ್ಜ್ (ಸೇರ್ಪಡೆ) ಮಾಡಿಸಿಕೊಂಡರು. ಅಲ್ಲಿಗೆ ಅವರು ‘ಮೊದಲ ಬಾರಿ’ಯವರಲ್ಲ, ಮುಂದಿನ ಪುಲ್ ರಿಕ್ವೆಸ್ಟಿಗೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಒಂದು ಜಾಬ್‌ಗೆ ಒಂದು ವರ್ಚುವಲ್ ಯಂತ್ರ ಹುಟ್ಟಿ, ಅದರೊಂದಿಗೇ ಅಳಿಯುವಂತೆ ಮಾಡಲಾಗದಿದ್ದರೆ ಸಾರ್ವಜನಿಕ ರೆಪಾಸಿಟರಿಗೆ ಸ್ವಂತ ರನ್ನರ್ ಜೋಡಿಸದಿರುವುದೇ ಲೇಸು.

ದಾನದ ಯಂತ್ರಗಳಿಗೂ ಆಯುಸ್ಸಿದೆ. ಡೇಟಾ ಸೆಂಟರ್ ಕಂಪನಿ ಈಕ್ವಿನಿಕ್ಸ್ ಪ್ರಾಯೋಜಿಸಿದ್ದ ಸರ್ವರ್‌ಗಳು ನಿಲ್ಲುತ್ತವೆ ಎಂದಾಗ 2025ರ ಆರಂಭದಲ್ಲಿ ಫ್ರೀಡೆಸ್ಕ್‌ಟಾಪ್ ಮತ್ತು ಆಲ್ಪೈನ್ ಲಿನಕ್ಸ್ ಎರಡೂ ಹೊಸ ನೆಲೆ ಹುಡುಕಬೇಕಾಯಿತು. ನೂರಾರು ಯೋಜನೆಗಳು ಒಂದೇ ಸರತಿ ಹಂಚಿಕೊಳ್ಳುವ ಅಪಾಚೆ ಪ್ರತಿಷ್ಠಾನ ಲೆಕ್ಕ ಬರೆದಿಡುವ ದಾರಿ ಹಿಡಿದಿದೆ. ಒಂದು ವರ್ಕ್‌ಫ್ಲೋಗೆ ಒಮ್ಮೆಗೆ 20 ಜಾಬ್ ಮೀರಬಾರದು, ಒಂದು ಯೋಜನೆಗೆ ವಾರಕ್ಕೆ 25 ಪೂರ್ಣಾವಧಿ ರನ್ನರ್, ಅಂದರೆ 4,200 ಗಂಟೆ ಮೀರಬಾರದು.

ಸ್ಥಳ ಬದಲಿಸುವುದು ಯಾರಿಗೆ ಹಗುರವಾಯಿತು ಎಂದು ನೋಡಿದರೆ, ಬಿಲ್ಡ್‌ನ ಹೆಜ್ಜೆಗಳನ್ನು ಯಾಮಲ್‌ನೊಳಗೆ ಹೂಳದೆ ಒಂದು ಶೆಲ್ ಸ್ಕ್ರಿಪ್ಟಿನಲ್ಲೋ ಮೇಕ್‌ಫೈಲಿನಲ್ಲೋ ಬರೆದಿದ್ದವರಿಗೆ. ಅಂಥ ಯೋಜನೆಯಲ್ಲಿ ಪ್ರತಿ ರಿಲೀಸ್‌ಗೂ ಮೇಂಟೇನರ್ ಅಲ್ಲದ ಒಬ್ಬರು ಅದೇ ಟ್ಯಾಗನ್ನು ಅದೇ ಕಂಟೇನರಿನಲ್ಲಿ, ನೆಟ್‌ವರ್ಕ್ ಕಡಿದು, ತಮ್ಮ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ ಶಾ-256 ಮೊತ್ತ (ಕಡತದ ಬೆರಳಚ್ಚು) ಹೋಲಿಸಬಹುದು. ಕಡತ ಕುಗ್ಗಿಸುವ ತಂತ್ರಾಂಶ ಎಕ್ಸ್‌ಝಡ್‌ನೊಳಗೆ ಹಿಂಬಾಗಿಲು ಸೇರಿಸಿದ 2024ರ ಪ್ರಕರಣದಲ್ಲಿ 5.6.0 ಮತ್ತು 5.6.1ರ ಟಾರ್ ಕಡತಗಳಲ್ಲಿ (ಹಂಚುವ ಸೋರ್ಸ್ ಕಟ್ಟುಗಳಲ್ಲಿ) ಇದ್ದ ಕೆಟ್ಟ ಎಂ4 ಕಡತ (ಬಿಲ್ಡ್ ಸಿದ್ಧಪಡಿಸುವ ಕಡತ) ಗಿಟ್ ರೆಪಾಸಿಟರಿಯಲ್ಲಿ ಇರಲೇ ಇಲ್ಲ. ಇಂಥ ಹೋಲಿಕೆಗೆ ಕಾಣುವುದು ಅದೇ. ಮೊದಲ ಸಲ ಮೊತ್ತ ಹೊಂದುವುದಿಲ್ಲ. ವ್ಯತ್ಯಾಸ ತೋರಿಸುವ ಡಿಫೋಸ್ಕೋಪ್ ತಂತ್ರಾಂಶ ಓಡಿಸಿದರೆ ಸಾಮಾನ್ಯವಾಗಿ ಸಿಗುವುದು ಬಿಲ್ಡ್ ಮಾಡಿದ ಸಮಯ, ಡೈರೆಕ್ಟರಿಯ ಹೆಸರು, ಆರ್ಕೈವಿನೊಳಗೆ ಕಡತಗಳ ಕ್ರಮ. ಸಮಯಕ್ಕೆ ‘ಸೋರ್ಸ್ ಡೇಟ್ ಎಪಕ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊನೆಯ ಕಮಿಟ್‌ನ ಸಮಯ ಇಟ್ಟರಾಯಿತು, ಕ್ರಮಕ್ಕೆ ಟಾರ್‌ಗೆ ಹೆಸರಿನ ಪ್ರಕಾರ ಜೋಡಿಸಲು ಹೇಳಿದರಾಯಿತು. ಈ ಮೂರು ಹೋದ ಮೇಲೂ ಉಳಿಯುವ ವ್ಯತ್ಯಾಸವನ್ನು ಮಾತ್ರ ಒಂದೊಂದು ಬೈಟ್ ಬಿಡದೆ ನೋಡಬೇಕು.