ಬಿಯರ್ ಮಾರಿದ ಆಟ, ಕುಡಿತಕ್ಕೆ ಬಿದ್ದ ಆಟಗಾರರು

1995ರ ಜುಲೈ. ಡಲ್ಲಾಸ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಹಳೆಯ ತಾರೆ ಮಿಕ್ಕಿ ಮ್ಯಾಂಟಲ್ ಪತ್ರಕರ್ತರ ಮುಂದೆ ಕೂತಿದ್ದರು. ಲಿವರ್ ಕಸಿಯಾಗಿ ತಿಂಗಳಾಗಿತ್ತು ಅಷ್ಟೇ. ಒಂದು ಕಾಲಕ್ಕೆ ಹೋರಿಯಂಥ ಮೈಕಟ್ಟು. ಈಗ ಕತ್ತು ಸೊರಗಿ, ಮುಖ ಬತ್ತಿಹೋಗಿತ್ತು. ತಮ್ಮನ್ನೇ ತೋರಿಸಿಕೊಂಡು, ನನ್ನ ಹಾಗೆ ಆಗಬೇಡಿ ಅಂದರು. ಆಗಸ್ಟ್ 13ರಂದು ತೀರಿಕೊಂಡರು. ವಯಸ್ಸು 63.

ಕುಡಿತಕ್ಕೆ ಬಿದ್ದ ಇಂಥವರ ಬಗ್ಗೆ ಮಾತಾಡುವಾಗ ತಪ್ಪೆಲ್ಲ ಆಟಗಾರನದ್ದೇ ಅನ್ನುವುದು ಸುಲಭ. ಆದರೆ ಅಮೆರಿಕದ ಬೇಸ್‌ಬಾಲ್ ಬೆಳೆದಿದ್ದೇ ಬಿಯರ್ ಜೊತೆ. ಮೈದಾನದಲ್ಲಿ ಬಿಯರ್ ಮಾರುವುದನ್ನು ಬಿಡಲಿಲ್ಲ ಅಂತ 1880ರಲ್ಲಿ ದೊಡ್ಡ ತಂಡಗಳ ಕೂಟವಾದ ನ್ಯಾಷನಲ್ ಲೀಗ್ ಸಿನ್ಸಿನಾಟಿ ತಂಡವನ್ನೇ ಹೊರಹಾಕಿತು. 1882ರ ಹೊತ್ತಿಗೆ ಬಿಯರ್ ಮಾರಬಹುದಾದ ಇನ್ನೊಂದು ಲೀಗ್ ಹುಟ್ಟಿಕೊಂಡಿತು. 1915ರಲ್ಲಿ ಯಾಂಕೀಸ್ ತಂಡ ಕೊಂಡವರಲ್ಲಿ ಜೇಕಬ್ ರೂಪರ್ಟ್ ಬಿಯರ್ ಕಾರ್ಖಾನೆಯ ಧಣಿ. 1953ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕೂಡ ಬಿಯರ್ ಕಂಪನಿಯ ಪಾಲಾಯಿತು.

ಹ್ಯಾಕ್ ವಿಲ್ಸನ್ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. ಎತ್ತರ ಐದೂವರೆ ಅಡಿ, ಪೀಪಾಯಿಯಂಥ ಎದೆ. 1930ರಲ್ಲಿ ಶಿಕಾಗೊ ಕಬ್ಸ್ ತಂಡದ ಪರ 56 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರದ ಹೊಡೆತ) ಹೊಡೆದರು. ಅವರ ಬ್ಯಾಟಿನಿಂದಾಗಿ ತಂಡಕ್ಕೆ ಬಂದ ರನ್ 191. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಆಗ ದೇಶದಲ್ಲಿ ಪಾನನಿಷೇಧ. ಆದರೂ ಶಿಕಾಗೊದ ಕಳ್ಳಬಾರುಗಳಲ್ಲಿ ವಿಲ್ಸನ್‌ಗೆ ಬಾಗಿಲು ಸದಾ ತೆರೆದಿತ್ತು. ಮರುವರ್ಷ ಹೋಮ್ ರನ್ 13ಕ್ಕೆ ಇಳಿಯಿತು, 191 ಇದ್ದದ್ದು 61 ಆಯಿತು. 1934ಕ್ಕೆ ದೊಡ್ಡ ಲೀಗಿನ ಆಟವೇ ಮುಗಿಯಿತು. 1948ರಲ್ಲಿ ಬಾಲ್ಟಿಮೋರ್‌ನಲ್ಲಿ ಸತ್ತಾಗ ಕೈಯಲ್ಲಿ ಕಾಸಿರಲಿಲ್ಲ. ಅಂತ್ಯಕ್ರಿಯೆಗೆ ನ್ಯಾಷನಲ್ ಲೀಗ್ ದುಡ್ಡು ಕಳಿಸಬೇಕಾಯಿತು.

ಮ್ಯಾಂಟಲ್‌ಗೆ ಒಳಗೊಂದು ಭಯವಿತ್ತು. ಗಣಿ ಕೆಲಸಗಾರರಾಗಿದ್ದ ಅಪ್ಪ 40ರ ಆಸುಪಾಸಿನಲ್ಲೇ ಕ್ಯಾನ್ಸರ್‌ಗೆ ಬಲಿಯಾಗಿದ್ದರು. ತಾನೂ ಬೇಗ ಸಾಯುತ್ತೇನೆ ಅಂತ ಅವರು ನಂಬಿಬಿಟ್ಟಿದ್ದರು. ಹಾಗಾಗಿ ರಾತ್ರಿಗಳಿಗೆ ಲೆಕ್ಕವಿರಲಿಲ್ಲ. 1957ರ ಮೇ ತಿಂಗಳಲ್ಲಿ ತಂಡದ ಗೆಳೆಯ ಬಿಲ್ಲಿ ಮಾರ್ಟಿನ್ ಹುಟ್ಟುಹಬ್ಬಕ್ಕೆ ನ್ಯೂಯಾರ್ಕಿನ ಕೋಪಕಬಾನಾ ನೈಟ್‌ಕ್ಲಬ್ಬಿಗೆ ಹೋದ ಯಾಂಕೀಸ್ ಆಟಗಾರರು ಜಗಳದಲ್ಲಿ ಸಿಕ್ಕಿಬಿದ್ದರು. ತಂಡ ಎಲ್ಲರಿಗೂ ದಂಡ ಹಾಕಿತು. ಮುಂದಿನ ತಿಂಗಳು ಮಾರ್ಟಿನ್‌ರನ್ನು ಕಾನ್ಸಾಸ್ ಸಿಟಿ ತಂಡಕ್ಕೆ ಸಾಗಹಾಕಿತು. ಕುಡಿತಕ್ಕೆ ಚಿಕಿತ್ಸೆ ಬೇಕು ಅನ್ನುವ ಮಾತೇ ಆಗ ಇರಲಿಲ್ಲ. ಮ್ಯಾಂಟಲ್ 536 ಹೋಮ್ ರನ್ ಹೊಡೆದರು, ನಿಜ. ಆದರೆ ಕೊನೆಯ ವರ್ಷಗಳಲ್ಲಿ ಇಡೀ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿ .298ಕ್ಕೆ ಜಾರಿತು. ಒಳ್ಳೆಯ ಬ್ಯಾಟರ್‌ನ ಗುರುತಾದ .300 ಕೈತಪ್ಪಿದ ನೋವು ಅವರಿಗೆ ಕೊನೆತನಕ ಇತ್ತು. ಮಂಡಿ ನೋವೂ ಕಾರಣ, ಆದರೆ ಕುಡಿಯುವವನ ಮೈ ಬೇಗ ವಾಸಿಯಾಗುತ್ತಾ?

ಗಾಳಿ ನಿಧಾನಕ್ಕೆ ತಿರುಗಿತು. 1956ರಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೊಟ್ಟಮೊದಲು ಗೆದ್ದ ಡಾನ್ ನ್ಯೂಕೊಂಬ್ ಕುಡಿತದಿಂದ ನೆಲಕಚ್ಚಿದ್ದರು. ಆಮೇಲೆ ಬಾಟಲಿ ಬಿಟ್ಟು, ತಮ್ಮ ಹಳೆಯ ತಂಡ ಡಾಡ್ಜರ್ಸ್‌ನ ಹುಡುಗರಿಗೆ ಬುದ್ಧಿ ಹೇಳಲು ನಿಂತರು. ಅದೇ ತಂಡದ ಪಿಚರ್ ಬಾಬ್ ವೆಲ್ಚ್ 1980ರಲ್ಲಿ, ಇನ್ನೂ 23ರ ವಯಸ್ಸಿನಲ್ಲೇ ಚಿಕಿತ್ಸೆಗೆ ಸೇರಿದರು. ಹತ್ತು ವರ್ಷದ ನಂತರ ಒಂದೇ ಸೀಸನ್‌ನಲ್ಲಿ 27 ಪಂದ್ಯ ಗೆದ್ದರು.

ಮ್ಯಾಂಟಲ್ ಚಿಕಿತ್ಸೆಗೆ ಹೋಗಿದ್ದು 1994ರಲ್ಲಿ. ನಿವೃತ್ತಿಯಾಗಿ ಆಗಲೇ ಸುಮಾರು 25 ವರ್ಷ. ಅದೇ ಯಾಂಕೀಸ್‌ನ ಪಿಚರ್ ಸಿಸಿ ಸಬಾಥಿಯಾ 2015ರ ಅಕ್ಟೋಬರ್‌ನಲ್ಲಿ, ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ಶುರುವಾಗುವ ಮುನ್ನಾದಿನ, ನನಗೆ ಸಹಾಯ ಬೇಕು ಅಂತ ಎಲ್ಲರೆದುರು ಹೇಳಿ ಹೊರಟರು. ತಂಡ ಅವರ ಜಾಗ ಉಳಿಸಿಟ್ಟಿತು. ವಾಪಸ್ ಬಂದು ಇನ್ನೂ ನಾಲ್ಕು ಸೀಸನ್ ಆಡಿದರು.